ಅಮಾವಾಸ್ಯೆಯ ಬಿದಿರು

ಧನುರ್ಮಾಸದ ಮಂಜು ಹೆಬ್ಬಾಳದ ಕೆರೆಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಏರಿಯ ಕೆಳಗಿನ ಕಣದಲ್ಲಿ ಯಾರೋ ರಾಗಿ ಹುಲ್ಲು ಬಣವೆ ಒಟ್ಟುತ್ತಿದ್ದರು. ಅವರ ಮಾತು ಕೇಳುತ್ತಿತ್ತು, ಆಳು ಕಾಣುತ್ತಿರಲಿಲ್ಲ. ಗುಲಾಮ್ ರಸೂಲ್ ಆಗಲೇ ಅಂಗಳದಲ್ಲಿ ಅಗ್ಗಿಷ್ಟಿಕೆ ಹೊತ್ತಿಸಿಕೊಂಡು, ಕಂಬಳಿ ಹೊದ್ದು, ಒಂದು ಬಿದಿರಿನ ಡೊಂಕು ತೆಗೆಯಲು ಕೂತಿದ್ದ.

ಬಿದಿರಿನ ಡೊಂಕು ತೆಗೆಯುವುದು ಅವಸರದ ಕೆಲಸವಲ್ಲ. ಡೊಂಕಿದ್ದ ಗಣ್ಣನ್ನು ಕೆಂಡಕ್ಕೆ ತೋರಿಸಬೇಕು, ಮುಟ್ಟಿಸಬಾರದು. ತಿರುಗಿಸುತ್ತ ತಿರುಗಿಸುತ್ತ ಇದ್ದರೆ ಒಂದು ಹೊತ್ತಿನಲ್ಲಿ ಬಿದಿರು ಬೆವರುತ್ತದೆ. ಬೆವರಿದ ತಕ್ಷಣ ಹಲಗೆಯ ತೋಡಿಗೆ ಸಿಕ್ಕಿಸಿ ಮೆಲ್ಲಗೆ ಒತ್ತಿ, ಒದ್ದೆ ಬಟ್ಟೆ ಸುತ್ತಿ, ಅದು ಆರುವವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಒಂದು ಗಳಿಗೆ ಮುಂಚೆ ಒತ್ತಿದರೆ ಬಿರುಕು, ಒಂದು ಗಳಿಗೆ ತಡವಾದರೆ ಕರಕು. ಯಶವಂತಪುರದ ಒಂದು ಬಸ್ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯಾಗಿದ್ದ ರಸೂಲ್ ಆ ಕೆಲಸ ಬಿಟ್ಟು ಮನೆಯಲ್ಲೇ ಗಾಳದ ಕೋಲು ಮಾಡಲು ಕೂತು ಹದಿನೆಂಟು ವರ್ಷವಾಗಿತ್ತು. ಬಂದವನ ಅಂಗೈ ಅಗಲ, ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ ಎರಡನ್ನೂ ಒಂದು ದಾರದಲ್ಲಿ ಗಂಟು ಹಾಕಿ ಅಳೆದುಕೊಂಡು, ಆ ಆಳಿಗೆ ತಕ್ಕ ಕೋಲು ಮಾಡಿಕೊಡುತ್ತಿದ್ದ. ಕೋಲಿಗೆ ನೂಲು ಹಾಯುವ ಉಂಗುರಗಳು ಹಳೇ ಛತ್ರಿ ಕಡ್ಡಿಯವು. ಅವನ್ನು ಬಿಗಿಯುವ ರೇಷ್ಮೆ ಎಳೆ ಶಿಡ್ಲಘಟ್ಟದ ಕಡೆಯಿಂದ ಬರುತ್ತಿತ್ತು. ಅದನ್ನು ಹುರಿ ಮಾಡುವುದೂ, ಮೇಲೆ ಅರಗಿನ ವಾರ್ನಿಷ್ ಹಚ್ಚುವುದೂ ಹೆಂಡತಿ ಜೈಬುನ್ನೀಸಾಳ ಪಾಲಿನ ಕೆಲಸ.

ಗಣ್ಣು ಬೆವರುವ ಹೊತ್ತಿಗೆ ಸರಿಯಾಗಿ ರಸೂಲ್ ತಲೆಯೆತ್ತಿ ಗೋಡೆಯ ಕಡೆ ಕಿವಿ ಕೊಟ್ಟ. ಗೋಡೆಗೆ ಒರಗಿಸಿದ ಬಿದಿರಿನ ಕಂತೆಯೊಳಗೆ ಎಲ್ಲೋ, ಕರ್ರ್, ಕರ್ರ್, ಎಂದು ಸಣ್ಣಗೆ ಕೊರೆಯುವ ಸದ್ದು. ನಿಲ್ಲುತ್ತದೆ. ಮತ್ತೆ, ಕರ್ರ್.

"ಬಿದಿರು ಕರಕಾಯ್ತು ನೋಡಿ," ಎಂದಳು ಜೈಬುನ್ನೀಸಾ ಬಾಗಿಲಿನಿಂದ.

ಅವನು ಬಿದಿರನ್ನು ಎಳೆದುಕೊಂಡ. ಗಣ್ಣಿನ ಮೇಲೆ ಉಗುರಗಲ ಕಪ್ಪು ಮಚ್ಚೆ ಬಿದ್ದಿತ್ತು.

"ನಿನಗೆ ಕೇಳಲ್ವಾ?"

"ನನಗೆ ಕೇಳೋದು ನಿಮ್ಮ ಕೆಮ್ಮು ಒಂದೇ. ಮೂರು ವರ್ಷದಿಂದ ಆ ಕಂತೇನ ಎಷ್ಟು ಸಲ ಬಿಚ್ಚಿ ಕಟ್ಟಿದೀರಿ? ಒಂದು ತೂತು ಸಿಕ್ತಾ? ಒಂದು ಚಿಟಿಕೆ ಪುಡಿ ಬಿತ್ತಾ?"

ಬಿದ್ದಿರಲಿಲ್ಲ. ಬೀಳುವಂತೆಯೂ ಇರಲಿಲ್ಲ. ಬೆಳದಿಂಗಳ ಪಕ್ಷದಲ್ಲಿ ಕಡಿದ ಬಿದಿರಿನಲ್ಲಿ ಸಿಹಿ ರಸ ಮೇಲೇರಿರುತ್ತದೆ, ಆರು ತಿಂಗಳಲ್ಲಿ ಹುಳ ಕೊರೆದು ಹಿಟ್ಟು ಮಾಡುತ್ತದೆ. ಕತ್ತಲ ಪಕ್ಷದಲ್ಲಿ, ಅದೂ ಅಮಾವಾಸ್ಯೆಗೆ ಎರಡು ಮೂರು ದಿನ ಇರುವಾಗ ಕಡಿದರೆ ರಸವೆಲ್ಲ ಬೇರಿಗಿಳಿದಿರುತ್ತದೆ. ಅಂಥ ಬಿದಿರು ಮೊಮ್ಮಕ್ಕಳ ಕಾಲದವರೆಗೂ ಹುಳ ಕಾಣುವುದಿಲ್ಲ. ರಸೂಲನ ಮನೆಯೊಳಕ್ಕೆ ಅಮಾವಾಸ್ಯೆಯ ಬಿದಿರಲ್ಲದೆ ಬೇರೆ ಬಿದಿರು ಬಂದದ್ದೇ ಇಲ್ಲ. ಎರಡು ಗಾಳ ಕೊಳ್ಳಲು ಬಂದವನಿಗೂ ಅವನು ಅದನ್ನೇ ಹೇಳಿ ಕಳಿಸುತ್ತಿದ್ದ: "ಈ ಮನೆ ಬಿದಿರಿಗೆ ಹುಳ ಬಂದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ."

ಸೈಕಲ್ಲಿನ ಗಂಟೆ ಕೇಳಿಸಿತು. ಮಂಜಿನೊಳಗಿಂದ ಸೇತುರಾಮ ಇಳಿದುಬಂದ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಗುಮಾಸ್ತ. ಮಫ್ಲರ್ ಸುತ್ತಿಕೊಂಡು, ಸೈಕಲ್ಲಿನ ಉದ್ದಕ್ಕೂ ಒಂದು ಬಟ್ಟೆಯ ಚೀಲ ಕಟ್ಟಿಕೊಂಡಿದ್ದ. ಒಂದೆರಡು ವರ್ಷದಿಂದ ಗಾಳಕ್ಕೂ ಬೆಂಡಿಗೂ ಬರುತ್ತಿದ್ದ ಗಿರಾಕಿ. ಕೋಲನ್ನು ಮಾತ್ರ ಒಮ್ಮೆಯೂ ತಂದಿರಲಿಲ್ಲ.

"ಏನ್ ಸಮಾಚಾರ ರಸೂಲ್ ಸಾಬ್ರೇ? ಬೆಳಗ್ಗೆ ಬೆಳಗ್ಗೇನೇ ಹೋಮ ಶುರು ಮಾಡ್ಬಿಟ್ಟಿದೀರಿ."

"ಪುರೋಹಿತರು ಬರೋದು ತಡ ಆಯ್ತು, ಅದಕ್ಕೆ ನಾನೇ ಕೂತೆ. ಬನ್ನಿ ಸೇತುರಾಮಯ್ಯನೋರೆ. ಅಮ್ಮನೋರು ಕೋಲನ್ನ ಮನೆಯೊಳಕ್ಕೆ ಬಿಟ್ಕೊಂಡ್ರಾ?"

"ಪಂಕಜಾನಾ? ಈ ಜನ್ಮದಲ್ಲಿಲ್ಲ. ಇದಿನ್ನೂ ಕಾಲೇಜಿನ ಎಮ್ಮೆ ಕೊಟ್ಟಿಗೇಲೇ ಸಂಸಾರ ಮಾಡ್ತಿದೆ. ನಾನು ಹಿಡಿದ ಮೀನಿಗೆ ಮುತ್ತು ಕೊಡೋದೊಂದು ಬಾಕಿ, ಹಂಗೇ ವಾಪಸ್ ನೀರಿಗೆ ಬಿಡ್ತೀನಿ. ಆದ್ರೂ ಮನೆಗೆ ಹೋದ್ರೆ ಎರಡು ಸಲ ಸೋಪು ಹಾಕಿಸಿ ಕೈ ಮೂಸಿ ನೋಡ್ತಾಳೆ." ಚೀಲ ಬಿಚ್ಚುತ್ತ ಹೇಳಿದ, "ಉಂಗುರ ಎಲ್ಲಾ ಅಲ್ಲಾಡ್ತಿವೆ. ಹಿಡೀನೂ ಸಡಿಲ ಆಗಿದೆ. ಭಾನುವಾರ ಹೆಸರಘಟ್ಟಕ್ಕೆ ಹೋಗ್ಬೇಕು. ಆಗುತ್ತಾ?"

ಚೀಲದಿಂದ ಕೋಲಿನ ಎರಡು ತುಂಡು ಹೊರಬಂದವು. ಅವನ್ನು ಕೂಡಿಸುವ ಹಿತ್ತಾಳೆ ಕೊಳವೆಯ ಮೇಲೆ ಮೂರು ಸಣ್ಣ ಗೆರೆಗಳಿದ್ದವು. ಆ ಗೆರೆ ಎಳೆದ ಅರ ಈಗಲೂ ರಸೂಲನ ಪೆಟ್ಟಿಗೆಯಲ್ಲಿತ್ತು. ಅವನು ಕೈ ಚಾಚಲಿಲ್ಲ.

"ಇದು ನಿಮಗೆ ಎಲ್ಲಿ ಸಿಕ್ತು?"

"ಯಲಹಂಕದ ವಿಮಾನದ ಕ್ಯಾಂಪಿನ ಒಬ್ಬ ಆಫೀಸರ್‌ದಂತೆ. ಅವರ ನಾಯಿಗೆ ನಮ್ಮ ಡಾಕ್ಟ್ರು ಇಂಜೆಕ್ಷನ್ ಕೊಟ್ರಂತೆ, ನಾಯಿ ಬದುಕ್ತಂತೆ. ಟ್ರಾನ್ಸ್‌ಫರ್ ಆಗಿ ಹೋಗುವಾಗ ಇಷ್ಟುದ್ದ ಕೋಲು ರೈಲಲ್ಲಿ ಎಲ್ಲಿ ಹೊರಲಿ ಅಂತ ಡಾಕ್ಟರಿಗೆ ಕೊಟ್ಟುಹೋದ್ರು. ಡಾಕ್ಟರಿಗೆ ಒಂದು ಕಡೆ ಐದು ನಿಮಿಷ ಕೂರೋ ತಾಳ್ಮೆ ಇಲ್ಲ, ನನಗೆ ಕೊಟ್ರು. ಯಾಕೆ, ನೀವು ಮಾಡಿದ್ದೇನಾ?"

ರಸೂಲ್ ಹೌದೆಂದು ತಲೆ ಆಡಿಸಿದ.

"ಹಂಗೆ ಹೇಳಿ ಮತ್ತೆ. ಅದ್ಭುತವಾದ ಕೋಲು ಕಣ್ರೀ. ಬೆಂಡು ಮುಳುಗೋಕೆ ಮೊದಲೇ ಕೈಗೆ ಗೊತ್ತಾಗುತ್ತೆ. ಒಂದೇ ಒಂದು ದೋಷ, ಎಸೆದಾಗ ಎಡಕ್ಕೆ ಎಳೆಯುತ್ತೆ. ಎಡಗೈಲಿ ಯಾರೋ ಹಿಡ್ಕೊಂಡು ಜಗ್ಗಿದ ಹಂಗೆ."

ಸೇತುರಾಮ ಹೋದ ಮೇಲೂ ಕೋಲು ಚಾಪೆಯ ಮೇಲೇ ಇತ್ತು. ಕಾಲೇಜಿನ ಕೊಟ್ಟಿಗೆ ರಸೂಲನ ಮನೆಯಿಂದ ಅರ್ಧ ಮೈಲಿಯೂ ಇರಲಿಲ್ಲ. ಉತ್ತರ ದೇಶದ ಯಾವುದೋ ನದಿಯ ದಂಡೆಯಲ್ಲಿ ಇದೆ ಎಂದು ಅವನು ತಿಳಿದಿದ್ದ ಕೋಲು, ಎಮ್ಮೆಗಳ ಉಸಿರಿನ ನಡುವೆ, ಇಷ್ಟು ದಿನ ಇಲ್ಲೇ ನಿಂತಿತ್ತು.

ಆ ಕೋಲಿನ ಬಿದಿರು ವಾಜಿದನದು.

ವಾಜಿದ್ ಬ್ಯಾಟರಾಯನಪುರದವನು, ಲಾರಿ ಓಡಿಸುತ್ತಿದ್ದ. ಕನಕಪುರದ ಕಡೆಯ ಕಾಡಿನಿಂದ ರಸೂಲನಿಗೆ ವರ್ಷವರ್ಷವೂ ಬಿದಿರು ತರುತ್ತಿದ್ದವನು ಅವನೇ. ಕಡಿಯುವ ಆಳುಗಳನ್ನು ಬೀಡಿ ಕೊಟ್ಟು ಪುಸಲಾಯಿಸಿ, ಅಮಾವಾಸ್ಯೆಯ ವಾರದಲ್ಲೇ ಕಡಿಸಿ, ಲಾರಿಯ ಮೇಲೆ ಕಟ್ಟಿಕೊಂಡು ಬರುತ್ತಿದ್ದ. ಬಾಡಿಗೆ ಎಂದರೆ ನಗುತ್ತಿದ್ದ. "ನನಗೊಂದು ಕೋಲು ಮಾಡ್ಕೊಡು ರಸೂಲ್ ಭಾಯಿ. ನಾನು ಲೊಡ್ಡೆ, ಬಜಾರಿನ ಕೋಲು ನನ್ನ ಕೈಗೆ ಆಗಲ್ಲ." ಎಡಗೈಯವನು ತನ್ನನ್ನು ತಾನೇ ಹಾಗೆ ಕರೆದುಕೊಳ್ಳುತ್ತಿದ್ದ. ಕೊನೆಯ ಸಲ ತಂದ ಕಂತೆಯಿಂದ ಒಂದು ಗಟ್ಟಿ ಬಿದಿರನ್ನು ತಾನೇ ಆರಿಸಿದ. ಅದರ ಗಣ್ಣುಗಳು ಒತ್ತೊತ್ತಾಗಿ, ಸಾಲು ಸ್ವಲ್ಪ ಎಡಕ್ಕೆ ವಾಲಿತ್ತು. ಜೇಬಿನಿಂದ ಮೊಳೆ ತೆಗೆದು ಬುಡದಲ್ಲಿ ಒಂದು ಅಕ್ಷರ ಕೊರೆದ. ತನ್ನ ಹೆಸರಿನ ಮೊದಲ ಅಕ್ಷರ, ಉರ್ದುವಿನ ವಾವ್. ದುಂಡನೆಯ ತಲೆ, ಬಾಗಿದ ಬಾಲ. "ನೋಡು, ಗಾಳದ ಥರಾನೇ ಇದೆ," ಎಂದ. "ಇದು ನಂದು. ಒಣಗಲಿ."

ಬಿದಿರು ಒಂದು ವರ್ಷ ಒಣಗಿತು. ಆಮೇಲೆ ಯಲಹಂಕದ ಆಫೀಸರು ಜೀಪಿನಲ್ಲಿ ಬಂದರು. ತಾವು ಉತ್ತರಕ್ಕೆ ಹೋಗುವುದು ಇನ್ನೇನು ಖಾತ್ರಿ, ಅಲ್ಲಿ ದೊಡ್ಡ ದೊಡ್ಡ ನದಿಗಳು, ಜೊತೆಗೆ ಮೀನು ಹಿಡಿಯುವವರೆಲ್ಲ ದೊಡ್ಡ ದೊಡ್ಡವರು. ಈ ಕೋಲು ಯಾರು ಮಾಡಿದ್ದು ಅಂತ ಎಲ್ಲರೂ ಕೇಳಬೇಕು, ಅಂಥದ್ದು ಮಾಡಿಕೊಡು ಎಂದರು. ಆ ಮಾತು ರಸೂಲನ ಕಿವಿಯಲ್ಲಿ ಕೂತುಬಿಟ್ಟಿತು. ಕಂತೆಯಲ್ಲಿ ಇಪ್ಪತ್ತು ಬಿದಿರಿದ್ದವು, ಅಂಥದ್ದು ಅದೊಂದೇ. ವಾವ್ ಅಕ್ಷರದ ಮೇಲೆ ರೇಷ್ಮೆ ಸುತ್ತಿ, ಅರಗು ಹಚ್ಚಿ, ಕೊಟ್ಟುಬಿಟ್ಟ.

ತಿಂಗಳು ಕಳೆದು ವಾಜಿದ್ ಬಂದ. "ನನ್ನ ಕೋಲು?"

ರಸೂಲ್ ಹೇಳಿದ, "ಅದಕ್ಕೆ ಹುಳ ಹಿಡಿದಿತ್ತಪ್ಪಾ. ಒಲೆಗೆ ಹಾಕಿಬಿಟ್ಟೆ."

ವಾಜಿದ್ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ನಕ್ಕ. "ಅಮಾಸೆ ಬಿದಿರಿಗೂ ಹುಳ ಬಂತಾ?" ಎಂದ. ಚಾ ಕುಡಿದು ಹೋದ. ಮತ್ತೆ ಆ ವಿಷಯ ಎತ್ತಲಿಲ್ಲ.

ಆ ವರ್ಷದ ಭಾದ್ರಪದದಲ್ಲಿ ಕೆರೆಗೆ ನೀರು ಬಂತು. ಬೇಸಿಗೆಯಲ್ಲಿ ಇಟ್ಟಿಗೆಯವರು ಕೆರೆಯಂಗಳದ ಮಣ್ಣು ತೋಡಿದ ಗುಂಡಿಗಳೆಲ್ಲ ನೀರಿನಡಿಯಲ್ಲಿ ಮುಚ್ಚಿಹೋದವು. ವಾಜಿದ್ ತನ್ನ ಹಳೇ ಸೀಳು ಕೋಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಮೀನಿಗೆ ಕೂತಿದ್ದ. ದೊಡ್ಡದೇನೋ ಕಚ್ಚಿತು. ಕೋಲು ಕಟ್ಟಿನ ಹತ್ತಿರ ಮುರಿಯಿತು. ತುದಿಯ ತುಂಡನ್ನು ಮೀನು ಎಳೆದುಕೊಂಡು ಹೋಗುವುದನ್ನು ನೋಡಿ ನೀರಿಗಿಳಿದ. ಸೊಂಟದ ಮಟ್ಟದ ನೀರು. ಎರಡು ಹೆಜ್ಜೆ ಮುಂದೆ ಗುಂಡಿ. ಅವನನ್ನು ಎತ್ತಿದವನು ಕೆರೆಯ ನೀರುಗಂಟಿ ಮುನಿಯಣ್ಣ. ಅವನು ರಸೂಲನ ಅಂಗಳಕ್ಕೆ ಬಂದು, ಒದ್ದೆ ಪಂಚೆಯಲ್ಲೇ ನಿಂತು ಹೇಳಿದ್ದ: "ಮುರ್ದಿದ್ ಕೋಲ್ನ ಬಿಟ್ಟೇ ಇರ್ಲಿಲ್ಲ ಸಾಬ್ರೆ. ಎಡಗೈಲಿ ಇಂಗೆ ಇಡ್ಕಂಡಿದ್ದ. ಬಿಡ್ಸಾಕಾಗ್ದೆ ಅಂಗೇ ಎತ್ಕಂಡ್ ಬಂದ್ವಿ."

ಕಂತೆಯೊಳಗಿನ ಸದ್ದು ಶುರುವಾದದ್ದು ಆ ವಾರವೇ.

ಮಧ್ಯಾಹ್ನದ ಬಿಸಿಲಿಗೆ ಚಾಪೆ ಎಳೆದುಕೊಂಡು ರಸೂಲ್ ಕೋಲಿನ ಹಳೇ ರೇಷ್ಮೆ ಬಿಚ್ಚಿದ. ಉಂಗುರಗಳನ್ನು ಒಂದೊಂದಾಗಿ ಕಿತ್ತ. ಬುಡದ ಹಿಡಿಯ ಮೇಲಿನ ಸುತ್ತು ಕೊನೆಗೆ. ಎಳೆ ಒಣಗಿ ಬಿರುಸಾಗಿತ್ತು, ಚೂರಿಯ ಮೊನೆಯಿಂದ ಎಬ್ಬಿಸಬೇಕಾಯಿತು. ಅರಗಿನ ಕೆಳಗೆ ಬಿದಿರು ಕಡಿದ ದಿನದಷ್ಟೇ ಹಸನಾಗಿ, ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ತೂತಿಲ್ಲ. ವಾವ್ ಅಲ್ಲೇ ಇತ್ತು. ಹೆಬ್ಬೆರಳಿನಿಂದ ಸವರಿದ. ಬಾಲದ ಕೊನೆಯಲ್ಲಿ ಮೊಳೆ ಜಾರಿದ ಒಂದು ಚಿಕ್ಕ ಗೀರು, ಅದೂ ಇತ್ತು.

ಏನು ಮಾಡುವುದೆಂದು ತೋಚದೆ ಅವನು ಕೈಗೆ ಗೊತ್ತಿದ್ದ ಕೆಲಸ ಮಾಡಿದ. ಹೊಸ ಹುರಿ ತೆಗೆದುಕೊಂಡು ಹಿಡಿಗೆ ಸುತ್ತಲು ಕೂತ. ಸುತ್ತು ಒಂದಕ್ಕೊಂದು ಅಂಟಿ, ನಡುವೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರುತ್ತ ಹೋಯಿತು. ಬಹಳ ದಿನದ ಮೇಲೆ ಕೈ ಇಷ್ಟು ಚೆನ್ನಾಗಿ ನಡೆಯುತ್ತಿದೆ ಎನಿಸಿತು. ಸದ್ದೂ ಇರಲಿಲ್ಲ. ನೆರಳು ಚಾಪೆ ದಾಟುವ ಹೊತ್ತಿಗೆ ಒಂದು ಗೇಣು ಸುತ್ತಿದ್ದ.

ಜೈಬುನ್ನೀಸಾ ಅರಗಿನ ಬಟ್ಟಲು ಹಿಡಿದು ಪಕ್ಕ ಕೂತಳು. ಕೋಲನ್ನು ತೊಡೆಯ ಮೇಲೆ ಹಾಕಿಕೊಂಡು ಕುಂಚ ಅದ್ದಿದವಳು ಕೈ ತಡೆದಳು.

"ಇವರೂ ಲೊಡ್ಡೆನಾ?"

"ಯಾರು?"

"ನಿಮ್ಮ ಸೇತುರಾಮಯ್ಯನೋರು. ಇದು ಎಡಗೈ ಸುತ್ತು."

ಹಿಡಿಯ ಸುತ್ತಿಗೆ ಒಂದು ದಿಕ್ಕಿದೆ. ಎಸೆಯುವಾಗ ಅಂಗೈ ತಿರುಚುವ ಕಡೆಗೇ ಸುತ್ತಿದ್ದರೆ ಹಿಡಿ ದಿನದಿನಕ್ಕೆ ಬಿಗಿಯಾಗುತ್ತದೆ. ತಿರುಗುಮುರುಗಾದರೆ ಆರು ತಿಂಗಳಲ್ಲಿ ಕಳಚಿಕೊಳ್ಳುತ್ತದೆ. ಬಲಗೈಗೆ ಒಂದು ದಿಕ್ಕು, ಎಡಗೈಗೆ ಇನ್ನೊಂದು. ಹದಿನೆಂಟು ವರ್ಷದಲ್ಲಿ ರಸೂಲ್ ಎಡಗೈ ಸುತ್ತು ಹಾಕಿದ್ದು ನಾಲ್ಕೋ ಐದೋ ಸಲ. ಪ್ರತಿ ಸಲವೂ ಕೋಲನ್ನು ಮಗ್ಗುಲು ಬದಲಿಸಿ, ಎಣಿಸಿ ಎಣಿಸಿ, ತಪ್ಪಿ ಬಿಚ್ಚಿ, ಮತ್ತೆ ಸುತ್ತಬೇಕಾಗುತ್ತಿತ್ತು. ಇವತ್ತು ಒಂದು ಎಳೆಯೂ ತಪ್ಪಿರಲಿಲ್ಲ.

ಅವನು ತನ್ನ ಕೈಗಳನ್ನು ನೋಡಿಕೊಂಡ. ಅವಳು ಅವನ ಮುಖ ನೋಡಿದಳು.

"ಯಾರ ಬಿದಿರು ಇದು?" ಎಂದಳು ಮೆಲ್ಲಗೆ.

ಅವನು ಬುಡದ ಕಡೆಯ ಸುತ್ತಷ್ಟನ್ನು ಬಿಚ್ಚಿ ವಾವ್ ತೋರಿಸಿದ. ಆಮೇಲೆ ಹೇಳಿದ, ಆಫೀಸರು ಬಂದದ್ದು, ಒಲೆಗೆ ಹಾಕಿದೆ ಎಂದದ್ದು, ವಾಜಿದ್ ನಕ್ಕದ್ದು. ಜೈಬುನ್ನೀಸಾ ಅರಗಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಒಲೆ ನಂದಲ್ವಾ," ಎಂದಳು. "ನನ್ನ ಒಲೆ ಮೇಲೆ ಹೇಳಿದ ಸುಳ್ಳು ನನಗೇ ಗೊತ್ತಿಲ್ಲ."

"ಏನು ಮಾಡಲಿ ಹೇಳು."

"ಅವನ ಹೆಂಡ್ತಿ ದಿಲ್ಶಾದ್‌ಗೆ ಕೊಟ್ಟು ಬನ್ನಿ."

"ಸೇತುರಾಮಯ್ಯನೋರದು ಇದು ಈಗ."

"ಅವರ ಹತ್ರ ಕೇಳಿ. ನಿಜ ಹೇಳಿ ಕೇಳಿ."

ಸೇತುರಾಮನ ಅಳತೆಗೆ ಅವನು ಹೊಸ ಕೋಲು ಮಾಡಿದ. ಮುಕ್ಕಾಲು ಆಗಿದ್ದ ಒಂದು ಒಳ್ಳೆಯ ಕೋಲಿತ್ತು. ಗುಮಾಸ್ತನ ಮೋಟು ಕೈಗೆ ಹಿಡಿ ಗಿಡ್ಡ ಮಾಡಿ, ಬಲಗೈ ಸುತ್ತು ಹಾಕಿ, ಹೊಸ ಉಂಗುರ ಕೂರಿಸಿ, ನಾಲ್ಕು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಆ ನಾಲ್ಕು ದಿನವೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದ. ವಾಜಿದನ ಕೋಲು ಒಳಗೋಣೆಯಲ್ಲಿತ್ತು.

ಶನಿವಾರ ಸೇತುರಾಮ ಬಂದು, ಚಾಪೆಯ ಮೇಲಿನ ಹೊಸ ಕೋಲನ್ನು ನೋಡಿ, "ಇದ್ಯಾವುದ್ರೀ? ನಂದೆಲ್ಲಿ?" ಎಂದ.

ರಸೂಲ್ ಬಾಯಿ ತೆರೆದ. ನಾಲ್ಕು ದಿನ ಜೋಡಿಸಿದ್ದು ಒಂದೂ ಬರಲಿಲ್ಲ. ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿಯಿತು.

"ಅದಕ್ಕೆ ಹುಳ ಹಿಡಿದಿದೆ, ಸೇತುರಾಮಯ್ಯನೋರೆ. ಒಳಗೊಳಗೇ. ಇದನ್ನ ಬದಲಿಗೆ ಇಟ್ಕೊಳ್ಳಿ, ಏನೂ ಕೊಡೋದು ಬೇಡ."

ಸೇತುರಾಮ ಅವನನ್ನು ನೋಡಿದ. ಗೋಡೆಗೊರಗಿದ ಕಂತೆಯನ್ನು ನೋಡಿದ. ಬಾಗಿಲಲ್ಲಿದ್ದ ಜೈಬುನ್ನೀಸಾ ಸೆರಗು ಎಳೆದುಕೊಂಡು ಒಳಗೆ ಹೋದಳು.

"ಹೂಂ," ಎಂದ ಸೇತುರಾಮ. "ಹುಳ ಹಿಡಿದ ಮೇಲೆ ಯಾರು ಏನು ಮಾಡೋಕಾಗುತ್ತೆ." ಹೊಸ ಕೋಲನ್ನು ಗಾಳಿಯಲ್ಲಿ ಎರಡು ಸಲ ಬೀಸಿದ. "ಎಡಕ್ಕೆ ಎಳೆಯಲ್ಲ. ಸರಿ, ಬರ್ತೀನಿ."

ಸೋಮವಾರ ಬೆಳಿಗ್ಗೆ ರಸೂಲ್ ವಾಜಿದನ ಕೋಲನ್ನು ಸೈಕಲ್ಲಿಗೆ ಕಟ್ಟಿ ಬ್ಯಾಟರಾಯನಪುರಕ್ಕೆ ಹೊರಟ. ಬಳ್ಳಾರಿ ರಸ್ತೆಯಲ್ಲಿ ಒಂದು ಲಾರಿ ಹಿಂದಿನಿಂದ ಹಾರನ್ ಹೊಡೆದಾಗ ಅವನು ತಿರುಗಿ ನೋಡದೆ ಪಕ್ಕಕ್ಕೆ ಸರಿದ.

ವಾಜಿದನ ಹೆಂಡತಿ ದಿಲ್ಶಾದ್ ಜಗಲಿಯ ಮೇಲೆ ಊದಿನಕಡ್ಡಿ ಹೊಸೆಯುತ್ತಿದ್ದಳು. ಹಲಗೆಯ ಮೇಲೆ ಅಂಗೈ ಮುಂದಕ್ಕೆ ಹೋಗಿ ಬರುತ್ತಿತ್ತು, ಕಡ್ಡಿ ಒಂದೊಂದಾಗಿ ಪಕ್ಕಕ್ಕೆ ಬೀಳುತ್ತಿತ್ತು. ಮೊಣಕೈವರೆಗೂ ಕಪ್ಪು ಹಿಟ್ಟು.

"ಬನ್ನಿ ಭಾಯಿ. ಇವತ್ತು ಮಳೆ ಬರುತ್ತಾ ಅಂತ ನೋಡ್ಬೇಕು, ಅಪರೂಪಕ್ಕೆ ನೀವು ಬಂದ್ರಿ." ಅವಳ ಕಣ್ಣು ಕೋಲಿನ ಮೇಲೆ ಬಿತ್ತು. ಕೈ ನಿಂತಿತು.

ರಸೂಲ್ ನಿಂತೇ ಹೇಳಿದ. ಈ ಸಲ ಮಾತು ಬಂತು. ಅಂದವಾಗಿ ಬರಲಿಲ್ಲ, ಹಿಂದುಮುಂದಾಗಿ ಬಂತು. ಕೋಲನ್ನು ಸೈಕಲ್ಲಿನಿಂದ ಬಿಚ್ಚಿ ಅವಳ ಮುಂದೆ ಹಲಗೆಯ ಪಕ್ಕದಲ್ಲಿಟ್ಟ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಸುತ್ತು ಹಾಕದೆ ಬಿಟ್ಟಿದ್ದ ವಾವ್ ಅಕ್ಷರದ ಮೇಲೆ ಬೆರಳಿಟ್ಟಳು. ಒರೆಸಿದರೂ ಉಳಿದಿದ್ದ ಕಪ್ಪು ಹಿಟ್ಟು ಅಕ್ಷರದೊಳಗೆ ಇಳಿದು, ಅದು ಎದ್ದು ಕಂಡಿತು.

"ಹುಳ ಹಿಡಿದಿರಲಿಲ್ವಾ?" ಎಂದಳು.

"ಇಲ್ಲ."

"ಹಳೇ ಕೋಲಿಗೆ ಆ ಟ್ಯೂಬಿನ ಕಟ್ಟು ಕಟ್ಟಿದ್ದು ನಾನು." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಅವರಿಗೆ ಒಂದೇ ಕೈಲಿ ಬಿಗಿಯೋಕೆ ಆಗ್ತಿರಲಿಲ್ಲ. ಸಾಕಾ ಅಂದೆ. ಸಾಕು ಅಂದ್ರು. ಇನ್ನೊಂದು ಸುತ್ತು ಹಾಕಿದ್ರೆ ಮುರೀತಿರಲಿಲ್ಲ ಅಂತ, ಮೂರು ವರ್ಷದಿಂದ, ಕಡ್ಡಿ ಹೊಸೆಯುವಾಗಲೂ ಅದೇ. ಇನ್ನೊಂದು ಸುತ್ತು."

ರಸೂಲ್ ಜಗಲಿಯ ಅಂಚಿಗೆ ಕೂತ. ಬೀದಿಯಲ್ಲಿ ಅವರೆಕಾಯಿ ಮಾರುವವಳು ಕೂಗಿಕೊಂಡು ಹೋದಳು. ದಿಲ್ಶಾದ್ ಎದ್ದು ಕೋಲನ್ನು ಒಳಗೆ ತೆಗೆದುಕೊಂಡು ಹೋದಳು. ಅವಳು ಹೋಗಿ ನಿಂತದ್ದು ಅವನಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಹಿತ್ತಿಲ ಗೋಡೆಯಲ್ಲಿ, ಆಳೆತ್ತರದಲ್ಲಿ, ಮಾರುದ್ದದ ಅಂತರದಲ್ಲಿ ಎರಡು ಮೊಳೆ ಹೊಡೆದಿದ್ದವು. ಮೊಳೆಗಳ ಮೇಲೆ ಏನೂ ತೂಗುಹಾಕಿರಲಿಲ್ಲ, ತುಕ್ಕು ಗೋಡೆಗೆ ಇಳಿದಿತ್ತು. ಅವಳು ಕೋಲನ್ನು ಅವುಗಳ ಮೇಲೆ ಮಲಗಿಸಿದಳು. ಸರಿಯಾಗಿ ಕೂತಿತು.

"ಬಿದಿರು ಆರಿಸಿದ ದಿನವೇ ಹೊಡೆದಿಟ್ಟಿದ್ರು," ಎಂದಳು ಹೊರಗೆ ಬಂದು.

"ನನ್ನನ್ನ ಮಾಫ್ ಮಾಡಮ್ಮ."

ಅವಳು ಮತ್ತೆ ಹಲಗೆಯ ಮುಂದೆ ಕೂತು, ಹಿಟ್ಟಿನ ಒಂದು ಉಂಡೆ ಮುರಿದಳು.

"ಕೋಲು ತಂದ್ಕೊಟ್ರಿ. ಅದು ಮುಗೀತು. ಆ ಮಾತನ್ನ ನೀವು ನನಗೆ ಹೇಳಿರಲಿಲ್ಲ ಭಾಯಿ, ಅವರಿಗೆ ಹೇಳಿದ್ರಿ. ನಾನು ಹೆಂಗೆ ಮಾಫ್ ಮಾಡ್ಲಿ?" ಅಂಗೈ ಮುಂದಕ್ಕೆ ಹೋಯಿತು. "ಚಾ ಕುಡಿದು ಹೋಗಿ."

ಅವನು ಚಾ ಕುಡಿದ. ಅವಳು ಕೊಟ್ಟಳು ಎಂದು ಕುಡಿದ.

ಹಿಂದಿರುಗುವಾಗ ಮನೆಯ ತಿರುವಿನಲ್ಲಿ ಅವನು ಸೈಕಲ್ಲನ್ನು ಒಳಕ್ಕೆ ತಿರುಗಿಸಲಿಲ್ಲ. ನೇರ ಕಾಲೇಜಿನ ಗೇಟಿಗೆ ಹೋದ. ಸೇತುರಾಮ ಕೊಟ್ಟಿಗೆಯ ಬಾಗಿಲಲ್ಲಿ ಹಾಲಿನ ಲೆಕ್ಕದವನ ಜೊತೆ ಏನೋ ನಗುತ್ತ ನಿಂತಿದ್ದ. ಅವನ ಹಿಂದೆ, ಎಮ್ಮೆಗಳ ಆಚೆ, ಮೂಲೆಯಲ್ಲಿ ಹೊಸ ಕೋಲು ಚೀಲದೊಳಗೆ ನಿಂತಿತ್ತು.

"ಓಹೋ ಸಾಬ್ರು. ಹೆಸರಘಟ್ಟದಲ್ಲಿ ಎರಡು ಗೆಂಡೆ ಮೀನು ಸಿಕ್ಕಿದ್ವು ಕಣ್ರೀ. ಬಿಟ್ಟೆ. ಪಂಕಜಾಗೆ ಹೇಳಿದ್ರೆ ನಂಬಲ್ಲ."

"ಸೇತುರಾಮಯ್ಯನೋರೆ, ಒಂದು ಮಾತು." ಲೆಕ್ಕದವನು ಆಚೆ ಹೋಗುವವರೆಗೆ ರಸೂಲ್ ಕಾದ. "ಆ ಕೋಲಿಗೆ ಹುಳ ಹಿಡಿದಿರಲಿಲ್ಲ."

ಸೇತುರಾಮ ಎಮ್ಮೆಯ ಬೆನ್ನಿನ ಮೇಲೆ ಕೂತಿದ್ದ ಒಂದು ನೊಣವನ್ನು ಓಡಿಸಿದ.

"ಗೊತ್ತು."

"ಗೊತ್ತಾ?"

"ಅಮಾವಾಸ್ಯೆ ಬಿದಿರು, ಅಮಾವಾಸ್ಯೆ ಬಿದಿರು ಅಂತ ಎರಡು ವರ್ಷದಿಂದ ನನ್ನ ತಲೆ ತಿಂದೋರು ಯಾರು? ಎಂಟಾಣೆ ಬೆಂಡಿಗೆ ಬಂದ್ರೂ ಅದೇ ಪುರಾಣ. ಈ ಮನೆ ಬಿದಿರಿಗೆ ಹುಳ ಬಂದ್ರೆ ಹೆಸರು ಬದಲಾಯಿಸಿ ಅಂತ. ನೀವೇ ಬಂದು ಹುಳ ಹಿಡೀತು ಅಂದ್ರೆ ಯಾವ ಪೆದ್ದ ನಂಬ್ತಾನ್ರೀ?"

"ಮತ್ತೆ ಕೇಳಲಿಲ್ವಲ್ಲ ನೀವು."

"ಏನಂತ ಕೇಳಲಿ?" ಸೇತುರಾಮ ಮಫ್ಲರ್ ಸರಿಮಾಡಿಕೊಂಡ. ಅವನ ಮುಖದ ತಮಾಷೆ ಸ್ವಲ್ಪ ಇಳಿದಿತ್ತು. "ಇಂಥ ಮನುಷ್ಯ ಇಂಥ ಸುಳ್ಳು ಹೇಳ್ತಿದಾರೆ ಅಂದ್ರೆ ಏನೋ ಕಷ್ಟ ಇರ್ಬೇಕು ಅಂದ್ಕೊಂಡೆ. ಹೋಗ್ಲಿ ಬಿಡಿ ಅಂತ ತಗೊಂಡ್ ಬಂದೆ. ಯಾಕೆ, ಏನಾಯ್ತು? ಕೂತ್ಕೊಳ್ಳಿ, ನೀರು ಬೇಕಾ?"

ರಸೂಲ್ ಬೇಡವೆಂದು ಕೈಯಾಡಿಸಿದ.

ಸೈಕಲ್ ತಳ್ಳಿಕೊಂಡೇ ಏರಿಯ ಮೇಲೆ ನಡೆದ. ಎರಡು ವರ್ಷ ಕೇಳಿದ ಗುಮಾಸ್ತನಿಗೆ ಗೊತ್ತಾಗಿತ್ತು. ವಾಜಿದ್ ಆ ಬಿದಿರನ್ನು ಕಡಿಸಿದವನು. ಅಮಾವಾಸ್ಯೆಗೆ ಮೂರು ದಿನ ಇದೆ ಎಂದು ಬೆರಳು ಮಡಚಿ ಎಣಿಸಿ, ಆಳುಗಳನ್ನು ಎಬ್ಬಿಸಿದವನು. ಅವನು ನಂಬಿದ್ದ, ಸುಳ್ಳೆಂದು ತಿಳಿಯದೆಯೇ ಹೋದ ಎಂಬುದೊಂದನ್ನೇ ರಸೂಲ್ ಈ ಮೂರು ವರ್ಷ ಹಿಡಿದುಕೊಂಡು ಬಂದಿದ್ದ. ಈಗ ಆ ನಗು ಮತ್ತೆ ಕಣ್ಣ ಮುಂದೆ ಬಂತು. ಮುಖ ನೋಡಿದ ಆ ಒಂದು ಗಳಿಗೆ. ಆಮೇಲೆ ನಕ್ಕದ್ದು. ಚಾ ಲೋಟವನ್ನು ಎಡಗೈಯಲ್ಲಿ ಹಿಡಿದು, ಪೂರ್ತಿ ಕುಡಿದು, ಕೆಳಗಿಟ್ಟು, ಸೊಲ್ಲೆತ್ತದೆ ಹೋಗಿ ಸೀಳು ಕೋಲಿಗೆ ಟ್ಯೂಬು ಕಟ್ಟಿಸಿಕೊಂಡದ್ದು.

ಇಟ್ಟಿಗೆ ಗುಂಡಿಯಿದ್ದ ಕಡೆ ನೀರು ನಿಂತಲ್ಲೇ ನಿಂತಿತ್ತು. ರಸೂಲ್ ಸೈಕಲ್ಲನ್ನು ಕಲ್ಲಿಗೊರಗಿಸಿ ಅಂಚಿನವರೆಗೂ ಇಳಿದ.

"ಬರಲ್ಲ ಕಣೋ," ಎಂದ. "ಅಮಾಸೆ ಬಿದಿರಿಗೆ ಹುಳ ಬರಲ್ಲ."

ಒಂದು ನೀರುಕೋಳಿ ಜೊಂಡಿನೊಳಗೆ ಸರಿಯಿತು. ಅವನು ಏರಿ ಹತ್ತಿ, ಸೈಕಲ್ ತಳ್ಳಿಕೊಂಡು ಮನೆಗೆ ಬಂದ.

ಜೈಬುನ್ನೀಸಾ ಅಂಗಳದಲ್ಲಿ ರೇಷ್ಮೆ ಹುರಿ ಮಾಡುತ್ತಿದ್ದಳು. "ತಗೊಂಡಳಾ?"

"ತಗೊಂಡಳು."

"ಏನಂದಳು?"

ಅವನು ಚಾಪೆಯ ಮೇಲೆ ಕೂತು, ಅಗ್ಗಿಷ್ಟಿಕೆ ಎಳೆದುಕೊಂಡು, ಬೂದಿ ಊದಿದ. ಕೆಂಡ ಇನ್ನೂ ಇತ್ತು. ಮೊನ್ನೆ ಕರಕಾದ ಬಿದಿರನ್ನು ಎತ್ತಿಕೊಂಡು, ಆ ಮಚ್ಚೆ ಕೆಳಗಾಗುವಂತೆ ತಿರುಗಿಸಿ, ಮುಂದಿನ ಗಣ್ಣನ್ನು ಬೆಂಕಿಗೆ ತೋರಿಸಿದ. ಬಿದಿರು ಬೆವರುವುದನ್ನು ಕಾಯುತ್ತ ಇಬ್ಬರೂ ಕೂತರು. ಗೋಡೆಯ ಕಡೆಯಿಂದ, ಕರ್ರ್, ಎಂದಿತು.

ಅವನು ತಲೆಯೆತ್ತಲಿಲ್ಲ. ಹುರಿ ಮಾಡುತ್ತಿದ್ದ ಜೈಬುನ್ನೀಸಾಳ ಕೈ ನಿಂತಿತ್ತು. ಅವಳು ಕಂತೆಯ ಕಡೆ ನೋಡುತ್ತಿದ್ದಳು.